ಪೊಲೀಸರಿಗೆ ತೆರೆಯದ ಬಾಗಿಲುಗಳು: ಅನ್ನಾ ಕ್ಯಾಥರೀನ್ ಗ್ರೀನ್ ಅವರನ್ನು ಎಲ್ಲಿಂದ ಓದಬೇಕು?

ಪ್ರಶ್ನೆ: ಅಗಾಥಾ ಕ್ರಿಸ್ಟಿಯವರ ‘ದ ಕ್ಲಾಕ್ಸ್’ ಕಾದಂಬರಿಯಲ್ಲಿ ಪತ್ತೇದಾರ ಪೊಯ್ರೋ ‘ದ ಲೆವೆನ್‌ವರ್ತ್ ಕೇಸ್’ ಎಂಬ ಹಳೆಯ ಪುಸ್ತಕವನ್ನು ಮೆಚ್ಚಿ ಮಾತನಾಡುತ್ತಾನೆ. ಅದನ್ನು ಬರೆದವರು ಅನ್ನಾ ಕ್ಯಾಥರೀನ್ ಗ್ರೀನ್ ಎಂಬ ಅಮೆರಿಕದ ಲೇಖಕಿ, ಅವರನ್ನು ‘ಪತ್ತೇದಾರಿ ಕಾದಂಬರಿಯ ತಾಯಿ’ ಎಂದು ಕರೆಯುತ್ತಾರೆ ಎಂದು ಆಮೇಲೆ ತಿಳಿಯಿತು. ಈ ಬಿರುದು ಅವರಿಗೆ ಸಲ್ಲುತ್ತದೆಯೇ? ಇಷ್ಟು ಹಳೆಯ ಪುಸ್ತಕಗಳು ಇಂದಿಗೂ ಓದಿಸಿಕೊಳ್ಳುತ್ತವೆಯೇ? ಓದುವುದಾದರೆ ಯಾವುದರಿಂದ ಆರಂಭಿಸಲಿ?

ಉತ್ತರ: ಬಿರುದಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ‘ಎಲ್ಲರಿಗಿಂತ ಮೊದಲು ಬರೆದವರು’ ಎಂಬ ಅರ್ಥದಲ್ಲಿ ಅದು ಗ್ರೀನ್ ಅವರಿಗೆ ಸಲ್ಲುವುದಿಲ್ಲ. ಅದೇ ದೇಶದ ಎಡ್ಗರ್ ಅಲನ್ ಪೋ 1841ರಲ್ಲಿಯೇ ದ್ಯುಪೆ ಎಂಬ ಪತ್ತೇದಾರನನ್ನು ಓದುಗರ ಮುಂದೆ ನಿಲ್ಲಿಸಿದ್ದರು. ಆದರೆ ಪೋ ಬರೆದದ್ದು ಸಣ್ಣ ಕಥೆಗಳು, ಅವು ನಡೆಯುವುದು ಪ್ಯಾರಿಸ್‌ನಲ್ಲಿ. ಅಮೆರಿಕದಲ್ಲಿ ಇಡೀ ಕಾದಂಬರಿಯನ್ನೇ ಒಂದು ಅಪರಾಧದ ಪತ್ತೆಗೆ ಮೀಸಲಿಟ್ಟ ಮೊದಲಿಗರೆಂದು ಸಾಮಾನ್ಯವಾಗಿ ಗುರುತಿಸುವುದು ಇನ್ನೊಬ್ಬ ಮಹಿಳೆಯನ್ನು. ಮೆಟಾ ವಿಕ್ಟರ್ ಎಂಬುವರು ಸೀಲಿ ರೆಜೆಸ್ಟರ್ ಎಂಬ ಗುಪ್ತನಾಮದಲ್ಲಿ ‘ದ ಡೆಡ್ ಲೆಟರ್’ ಅನ್ನು 1866ರಲ್ಲಿ ಧಾರಾವಾಹಿಯಾಗಿ ಪ್ರಕಟಿಸಲು ತೊಡಗಿದರು. ಆ ಪುಸ್ತಕದ ಪತ್ತೇದಾರನಿಗೆ ಒಬ್ಬ ಚಿಕ್ಕ ಮಗಳಿದ್ದಾಳೆ. ಜಾಡು ಸಿಗದೆ ಹೋದಾಗ ಆ ಹುಡುಗಿ ಒಂದು ಬಗೆಯ ಮಂಪರಿನಲ್ಲಿ ದೂರದಲ್ಲಿರುವುದನ್ನು ಕಂಡು ಹೇಳುತ್ತಾಳೆ. ನಮ್ಮ ಹಳ್ಳಿಗಳಲ್ಲಿ ಕಳವು ಪತ್ತೆಗೆ ಮಕ್ಕಳ ಅಂಗೈಗೆ ಅಂಜನ ಹಚ್ಚಿ ‘ಏನು ಕಾಣುತ್ತಿದೆ?’ ಎಂದು ಕೇಳುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಕ್ರಮ.

ಹನ್ನೆರಡು ವರ್ಷಗಳ ನಂತರ, 1878ರಲ್ಲಿ, ಗ್ರೀನ್ ಅವರ ‘ದ ಲೆವೆನ್‌ವರ್ತ್ ಕೇಸ್’ ಹೊರಬಂದಾಗ ಅದರಲ್ಲಿ ಅಂಜನಕ್ಕೆ ಜಾಗವಿರಲಿಲ್ಲ. ಸಾಕ್ಷಿ, ಪಾಟಿ ಸವಾಲು, ಬೀಗ, ಕೀಲಿಕೈ, ಕಾಗದದ ಚೂರು ಮಾತ್ರ ಇದ್ದವು. ಕಾನನ್ ಡಾಯ್ಲ್ ಅವರ ಷರ್ಲಾಕ್ ಹೋಮ್ಸ್ ಕಾಣಿಸಿಕೊಂಡದ್ದು 1887ರಲ್ಲಿ, ಅಂದರೆ ಇನ್ನೂ ಒಂಬತ್ತು ವರ್ಷಗಳ ಮೇಲೆ. ಇಂದು ನಾವು ‘ಪತ್ತೇದಾರಿ ಕಾದಂಬರಿ’ ಎಂದಾಗ ಮನಸ್ಸಿಗೆ ಬರುವ ಸಾಮಗ್ರಿಯ ಬಹುಪಾಲನ್ನು ಒಂದೇ ಪುಸ್ತಕದಲ್ಲಿ ಒಪ್ಪವಾಗಿ ಜೋಡಿಸಿದವರು ಗ್ರೀನ್. ಸಿರಿವಂತನ ಗ್ರಂಥಾಲಯದಲ್ಲಿ ಹೆಣ, ಒಳಗಿನಿಂದ ಭದ್ರವಾಗಿದ್ದ ಮನೆ, ಬದಲಾಗಲಿದ್ದ ಉಯಿಲು, ನಾಪತ್ತೆಯಾದ ಕೆಲಸದಾಕೆ, ಕೋಣೆಗಳ ನಕ್ಷೆ, ಹರಿದ ಪತ್ರದ ತುಣುಕು ಎಲ್ಲವೂ ಅಲ್ಲಿವೆ. ತಾಯಿ ಎಂಬ ಮಾತನ್ನು ಈ ಅರ್ಥದಲ್ಲಿ ಬಳಸಿದರೆ ನನ್ನ ತಕರಾರಿಲ್ಲ.

ಆದರೆ ನಾನು ಅವರನ್ನು ಮತ್ತೆ ಮತ್ತೆ ಓದುವುದು ಈ ಸಾಮಗ್ರಿಗಾಗಿ ಅಲ್ಲ. ಅವರ ಪುಸ್ತಕಗಳಲ್ಲಿ ಇನ್ನೊಂದು ಪ್ರಶ್ನೆ ನಾಲ್ಕು ದಶಕಗಳ ಕಾಲ ಬಿಡದೆ ಹಿಂಬಾಲಿಸುತ್ತದೆ. ಸತ್ಯ ಇರುವ ಕೋಣೆಯೊಳಗೆ ಕಾಲಿಡುವ ಅಧಿಕಾರ ಯಾರಿಗಿದೆ? ಕೊಲೆ ನಡೆದ ಮನೆಯ ಬಾಗಿಲು ಪೊಲೀಸನಿಗೆ ತೆರೆದೀತು. ಆ ಮನೆಯವರ ಬಾಯಿ ತೆರೆಯುತ್ತದೆಯೇ? ಗ್ರೀನ್ ಸೃಷ್ಟಿಸಿದ ಒಬ್ಬೊಬ್ಬ ಪತ್ತೇದಾರನೂ ಪತ್ತೇದಾರಿಣಿಯೂ ಈ ಪ್ರಶ್ನೆಗೆ ಅವರು ಕಂಡುಕೊಂಡ ಒಂದೊಂದು ಉತ್ತರ.

ಅವರ ಬದುಕನ್ನು ಸ್ವಲ್ಪ ಹೇಳಿದರೆ ಇದು ಸ್ಪಷ್ಟವಾದೀತು. ಹುಟ್ಟಿದ್ದು 1846ರ ನವೆಂಬರ್ 11ರಂದು, ಬ್ರೂಕ್ಲಿನ್‌ನಲ್ಲಿ. ತಂದೆ ಜೇಮ್ಸ್ ವಿಲ್ಸನ್ ಗ್ರೀನ್ ವಕೀಲರು. ತಾಯಿಯನ್ನು ಮೂರರ ಎಳವೆಯಲ್ಲಿಯೇ ಕಳೆದುಕೊಂಡರು. ವರ್ಮಾಂಟ್ ರಾಜ್ಯದ ಪೌಲ್ಟ್ನಿ ಎಂಬ ಊರಿನ ರಿಪ್ಲಿ ಮಹಿಳಾ ಕಾಲೇಜಿನಲ್ಲಿ ಓದಿ 1866ರಲ್ಲಿ ಪದವಿ ಪಡೆದರು. ಹೆಣ್ಣುಮಕ್ಕಳಿಗೆ ಕಾಲೇಜು ಪದವಿ ಅಪರೂಪವಾಗಿದ್ದ ಕಾಲ ಅದು. ಅವರ ಆಸೆಯಿದ್ದದ್ದು ಕವಿಯಾಗಬೇಕೆಂದು. ಅಮೆರಿಕದ ಹೆಸರಾಂತ ಕವಿ, ಚಿಂತಕ ರಾಲ್ಫ್ ವಾಲ್ಡೋ ಎಮರ್ಸನ್ ಅವರೊಂದಿಗೆ ಪತ್ರವ್ಯವಹಾರವನ್ನೂ ನಡೆಸಿದ್ದರು. ಕವನ ಸಂಕಲನ ಅಚ್ಚಾದದ್ದು ಮಾತ್ರ 1882ರಲ್ಲಿ, ಕೊಲೆಯ ಕಥೆಯಿಂದ ಹೆಸರು ಬಂದ ಮೇಲೆ. ಅವರ ಮೊದಲ ಕಾದಂಬರಿಯಾದ ‘ದ ಲೆವೆನ್‌ವರ್ತ್ ಕೇಸ್’ನ ಉಪಶೀರ್ಷಿಕೆ ‘ಒಬ್ಬ ವಕೀಲನ ಕಥೆ’ ಎಂದು. ಬರೆದಾಕೆ ವಕೀಲರ ಮಗಳೆಂಬುದು ಪುಟಪುಟದಲ್ಲೂ ಗೊತ್ತಾಗುತ್ತದೆ.

ಈಗ ಆ ಪುಸ್ತಕಕ್ಕೆ ಬರುತ್ತೇನೆ. ಕೊಲೆಗಾರ ಯಾರೆಂದು ಹೇಳುವುದಿಲ್ಲ, ನಿರಾತಂಕವಾಗಿ ಓದಿ.

ಹೊರಾಷಿಯೊ ಲೆವೆನ್‌ವರ್ತ್ ಚಹಾ ವ್ಯಾಪಾರದಿಂದ ಸಂಪಾದಿಸಿ ನಿವೃತ್ತನಾದ ಶ್ರೀಮಂತ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದ ತನ್ನ ಬಂಗಲೆಯಲ್ಲಿ, ಗ್ರಂಥಾಲಯದ ಮೇಜಿನ ಮುಂದೆ ಕುಳಿತಿದ್ದಂತೆಯೇ ತಲೆಯ ಹಿಂಭಾಗಕ್ಕೆ ಗುಂಡು ಬಿದ್ದು ಸತ್ತಿದ್ದಾನೆ. ಬೆಳಿಗ್ಗೆ ನೋಡಿದರೆ ಮನೆಯ ಬಾಗಿಲು ಕಿಟಕಿಗಳೆಲ್ಲ ರಾತ್ರಿ ಹಾಕಿದ ಹಾಗೆಯೇ ಭದ್ರವಾಗಿವೆ. ಕೊಂದವರು ಮನೆಯೊಳಗಿನವರೇ ಆಗಿರಬೇಕು. ಆತ ಸಾಕಿ ಬೆಳೆಸಿದ ಇಬ್ಬರು ಅನಾಥ ಹುಡುಗಿಯರು, ಮೇರಿ ಮತ್ತು ಎಲಿನೋರ್, ಅಲ್ಲಿದ್ದಾರೆ. ಇಬ್ಬರೂ ಅವನ ಅಣ್ಣತಮ್ಮಂದಿರ ಮಕ್ಕಳು. ಆಸ್ತಿಯೆಲ್ಲ ಒಬ್ಬಳಿಗೆ, ಇನ್ನೊಬ್ಬಳಿಗೆ ಏನೂ ಇಲ್ಲ. ಅನುಮಾನ ಬೀಳುವುದು ಏನೂ ಸಿಗದವಳ ಮೇಲೆ! ಕಥೆ ಹೇಳುವವನು ಎವರೆಟ್ ರೇಮಂಡ್ ಎಂಬ ಯುವ ವಕೀಲ. ಆ ಹುಡುಗಿಯರ ಪರವಾಗಿ ವಿಚಾರಣೆಗೆ ಬಂದವನು ಒಬ್ಬಳ ಚೆಲುವಿಗೂ ಸಂಕಟಕ್ಕೂ ಸೋತುಹೋಗುತ್ತಾನೆ. ಹೀಗಾಗಿ ಅವನ ಕಣ್ಣನ್ನು ನಾವು ಪೂರ್ತಿ ನಂಬುವಂತಿಲ್ಲ.

ಮೊದಲ ಹಲವು ಅಧ್ಯಾಯಗಳು ಮನೆಯ ದಿವಾನಖಾನೆಯಲ್ಲೇ ನಡೆಯುವ ಮರಣ ವಿಚಾರಣೆ. ನಮ್ಮಲ್ಲಿ ಪೊಲೀಸರು ಪಂಚರನ್ನು ಕರೆದು ಶವ ಮಹಜರು ಮಾಡುತ್ತಾರೆ. ಅಲ್ಲಿ ಕಾರೋನರ್ ಎಂಬ ಅಧಿಕಾರಿ ಜ್ಯೂರಿಯನ್ನು ಕೂರಿಸಿಕೊಂಡು ಸಾಕ್ಷಿಗಳನ್ನು ಪ್ರಮಾಣದ ಮೇಲೆ ವಿಚಾರಿಸುತ್ತಿದ್ದ. ಗ್ರೀನ್ ಈ ಕಾನೂನು ಕ್ರಮವನ್ನೇ ಕಥನದ ಎಂಜಿನ್ ಮಾಡಿಕೊಂಡರು. ವೈದ್ಯ, ಬಟ್ಲರ್, ಅಡುಗೆಯಾಕೆ, ಕಾರ್ಯದರ್ಶಿ ಒಬ್ಬೊಬ್ಬರಾಗಿ ಬಂದು ತಮಗೆ ಗೊತ್ತಿರುವಷ್ಟನ್ನು ಹೇಳಿ ಹೋಗುತ್ತಾರೆ. ಜ್ಯೂರಿಯ ಸಾಲಿನಲ್ಲಿ ನಮಗೂ ಒಂದು ಕುರ್ಚಿ ಹಾಕಿದ ಹಾಗಿರುತ್ತದೆ. ಪಿಸ್ತೂಲಿನ ಬಗ್ಗೆ ಒಬ್ಬ ತಿಳಿದವನು ಹೇಳುವ ಮಾತನ್ನು ನಿಧಾನವಾಗಿ ಓದಿ. ನಳಿಗೆಯನ್ನು ಯಾರೋ ಒರೆಸಿ ಶುಚಿ ಮಾಡಿದ್ದಾರೆ, ಆದರೆ ಗುಂಡು ತುಂಬುವ ಕುಳಿಯ ಅಂಚಿನ ಮಸಿ ಅವರ ಗಮನಕ್ಕೆ ಬಂದಿಲ್ಲ. 1878ರಲ್ಲಿ ಒಂದು ಕಾದಂಬರಿ ಇಷ್ಟು ಸಣ್ಣ ಭೌತಿಕ ವಿವರದ ಮೇಲೆ ಇಷ್ಟು ಭಾರ ಹೊರಿಸಿದ್ದು ನನಗೆ ಈಗಲೂ ಬೆರಗು. ಅದೇ ಮಸಿಯನ್ನು ಹಿಡಿದು ಪತ್ತೇದಾರ ಗ್ರೈಸ್ ಮುಂದೆ ಒಂದು ತರ್ಕ ಹೂಡುತ್ತಾನೆ. ಹೆಂಗಸರು ಪಿಸ್ತೂಲು ಹಾರಿಸಿಯಾರು, ಹಾರಿಸಿದ ಮೇಲೆ ಅದನ್ನು ಒರೆಸಿಡುವವರಲ್ಲ ಎಂಬುದು ಅವನ ಮಾತು. ಈ ತರ್ಕವನ್ನು ಇಂದು ಒಪ್ಪಲಾಗದು. ಆದರೆ ಅದರ ಹಿಂದಿನ ಶಿಸ್ತನ್ನು ನೋಡಿ. ತೊಂಬತ್ತೊಂಬತ್ತು ಸಂಗತಿಗಳು ಒಬ್ಬರತ್ತ ಬೆರಳು ತೋರಿಸುತ್ತಿದ್ದರೂ ಹೊಂದದೆ ಉಳಿದ ಒಂದೇ ಒಂದು ಸಂಗತಿಗಾಗಿ ಆತ ಕಾಯುತ್ತಾನೆ.

ಎಬೆನೀಜರ್ ಗ್ರೈಸ್ ನ್ಯೂಯಾರ್ಕ್ ಪೊಲೀಸ್ ಇಲಾಖೆಯವನು. ತೀಕ್ಷ್ಣ ಕಣ್ಣಿನ ಸಪೂರ ಮನುಷ್ಯನನ್ನು ನಿರೀಕ್ಷಿಸಬೇಡಿ ಎಂದು ಕಥೆಗಾರ ಮೊದಲೇ ಎಚ್ಚರಿಸುತ್ತಾನೆ. ಗ್ರೈಸ್ ಮೈತುಂಬಿದವನು, ಸಂಧಿವಾತದಿಂದ ನರಳುವವನು. ಅವನು ಯಾರನ್ನೂ ನೇರವಾಗಿ ನೋಡುವುದಿಲ್ಲ. ಅವನ ದೃಷ್ಟಿ ಯಾವಾಗಲೂ ಹೂದಾನಿ, ಮಸಿಕುಡಿಕೆ, ಅಂಗಿಯ ಗುಂಡಿ ಇಂಥ ಯಾವುದಾದರೂ ಕ್ಷುಲ್ಲಕ ವಸ್ತುವಿನ ಮೇಲೆ ನೆಟ್ಟಿರುತ್ತದೆ. ಗುಟ್ಟನ್ನು ಆ ಗುಂಡಿಗೆ ಹೇಳಿಕೊಂಡಾನೇ ಹೊರತು ಎದುರಿಗಿದ್ದವರಿಗೆ ಹೇಳುವುದಿಲ್ಲ ಎನ್ನಿಸುತ್ತದೆ.

ಈ ಗ್ರೈಸ್ ಒಂದು ಕಡೆ ರೇಮಂಡನ ಬಳಿ ತನ್ನ ವೃತ್ತಿಯ ದೊಡ್ಡ ಕೊರತೆಯನ್ನು ತೋಡಿಕೊಳ್ಳುತ್ತಾನೆ. ಎಲ್ಲ ಬಗೆಯ ಜನರ ನಡುವೆ ನುಸುಳಬಲ್ಲೆ, ಆದರೆ ಸಭ್ಯಗೃಹಸ್ಥನ ವೇಷ ಮಾತ್ರ ನನಗೆ ಒಗ್ಗುವುದಿಲ್ಲ ಎನ್ನುತ್ತಾನೆ. ದರ್ಜಿಗಳು, ಕ್ಷೌರಿಕರು ಎಲ್ಲರೂ ಕೈಲಾದದ್ದು ಮಾಡಿ ನೋಡಿದರಂತೆ. ಫ್ರೆಂಚ್ ಪರಿಚಾರಕನೊಬ್ಬನನ್ನೂ ಇಟ್ಟುಕೊಂಡಿದ್ದನಂತೆ. ಏನೂ ಗಿಟ್ಟಲಿಲ್ಲ. ನಿಜವಾದ ದೊಡ್ಡ ಮನುಷ್ಯನೊಬ್ಬ ದಿಟ್ಟಿಸಿ ನೋಡಿದಾಗ ಆ ನೋಟಕ್ಕೆ ಮರುನೋಟ ಕೊಡಲು ತನ್ನಲ್ಲಿ ಏನೂ ಇರಲಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಅದಕ್ಕಾಗಿಯೇ ರೇಮಂಡನ ನೆರವು ಬೇಡುತ್ತಾನೆ. ದೊಡ್ಡವರ ಮನೆಗೆ ಅತಿಥಿಯಾಗಿ ಹೋಗಲು ವಕೀಲನಿಗೆ ಸಾಧ್ಯ, ಪೊಲೀಸನಿಗೆ ಸಾಧ್ಯವಿಲ್ಲ. ಪೋನ ದ್ಯುಪೆ ಒಳ್ಳೆಯ ಮನೆತನದವನು, ಹೋಮ್ಸ್ ರಾಜಮನೆತನದವರ ಎದುರೂ ಅಳುಕದವನು. ಹುಟ್ಟಿನ ಮೇಲು ಕೀಳು ಪತ್ತೆಗೆ ಹೇಗೆ ಅಡ್ಡ ಬರುತ್ತದೆಂದು ಪತ್ತೇದಾರನ ಬಾಯಿಂದಲೇ ಹೇಳಿಸಿದವರು ಗ್ರೀನ್. ಪತ್ತೇದಾರಿ ಸಾಹಿತ್ಯದಲ್ಲಿ ನನಗೆ ಅತ್ಯಂತ ಪ್ರಿಯವಾದ ತಪ್ಪೊಪ್ಪಿಗೆ ಇದು.

ಇದಾದ ಹತ್ತೊಂಬತ್ತು ವರ್ಷಗಳಿಗೆ, 1897ರಲ್ಲಿ, ಅದೇ ಪ್ರಶ್ನೆಗೆ ಇನ್ನೂ ಒಳ್ಳೆಯ ಉತ್ತರ ಅವರಿಗೆ ಹೊಳೆಯಿತು. ‘ದಟ್ ಅಫೇರ್ ನೆಕ್ಸ್ಟ್ ಡೋರ್’ ಕಾದಂಬರಿಯ ಅಮೇಲಿಯಾ ಬಟರ್‌ವರ್ತ್ ನ್ಯೂಯಾರ್ಕಿನ ಗ್ರಾಮರ್ಸಿ ಪಾರ್ಕ್ ಬಡಾವಣೆಯ, ಮದುವೆಯಾಗದ, ವಯಸ್ಸು ಕಳೆದ ಶ್ರೀಮಂತ ಮಹಿಳೆ. ತಂದೆ ಇಟ್ಟ ಹೆಸರು ಅರಮಿಂಟಾ. ತನ್ನಂಥ ವಿವೇಕಿಗೆ ಅದು ಹೊಂದದೆಂದು ತಾನೇ ಅಮೇಲಿಯಾ ಎಂದು ಮಾಡಿಕೊಂಡಾಕೆ. ತನಗೆ ಪರರ ವಿಷಯದಲ್ಲಿ ಕುತೂಹಲವಿಲ್ಲ ಎಂದು ಮೊದಲ ವಾಕ್ಯದಲ್ಲೇ ಘೋಷಿಸಿ, ಅದೇ ವಾಕ್ಯ ಮುಗಿಯುವುದರೊಳಗೆ ಸೆಪ್ಟೆಂಬರಿನ ಒಂದು ನಡುರಾತ್ರಿ ಪಕ್ಕದ ಮನೆಯ ಮುಂದೆ ಗಾಡಿ ನಿಂತ ಸದ್ದಿಗೆ ಹಾಸಿಗೆಯಿಂದೆದ್ದು ಪರದೆಯ ಸಂದಿನಿಂದ ಇಣುಕುತ್ತಾಳೆ. ಮನೆಯವರು ವಿದೇಶ ಪ್ರವಾಸದಲ್ಲಿದ್ದಾರೆ, ಮನೆ ಖಾಲಿ. ಒಬ್ಬ ಗಂಡಸು, ಒಬ್ಬ ಹೆಂಗಸು ಒಳಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಗಂಡಸೊಬ್ಬನೇ ಹೊರಬರುತ್ತಾನೆ. ಬೆಳಿಗ್ಗೆ ಆಕೆಯೇ ಪೊಲೀಸನನ್ನು ಕರೆಸಿ ಬಾಗಿಲು ತೆಗೆಸಿದಾಗ, ಉರುಳಿಬಿದ್ದ ಭಾರಿ ಬೀರುವಿನ ಕೆಳಗೆ ಆ ಹೆಂಗಸಿನ ಶವ.

ಇಡೀ ಕಾದಂಬರಿಯನ್ನು ಬಟರ್‌ವರ್ತ್ ಅವರೇ ನಿರೂಪಿಸುತ್ತಾರೆ. ಅವರ ದನಿಯಲ್ಲಿರುವ ಜಂಬ, ಹಟ, ಒಳಗಿನ ಒಳ್ಳೆಯತನ ಎಲ್ಲ ಸೇರಿ ಗ್ರೀನ್ ಬರೆದ ಅತ್ಯಂತ ಜೀವಂತ ಗದ್ಯವಾಗಿದೆ. ಗ್ರೈಸ್ ಇಲ್ಲಿಯೂ ಇದ್ದಾನೆ, ಆದರೆ ಈಗ ಅವನಿಗೆ ವಯಸ್ಸಾಗಿದೆ. ಮೃತಳ ಟೋಪಿ, ಕೈಗವಸು, ಉಡುಪಿನ ಹೊಲಿಗೆ, ಮನೆಯ ಧೂಳು ಇವುಗಳಿಂದ ಬಟರ್‌ವರ್ತ್ ಓದಿಕೊಳ್ಳುವುದನ್ನು ಆತ ಓದಲಾರ. ಇಬ್ಬರ ನಡುವಿನ ಪೈಪೋಟಿ ಮೆಲ್ಲಗೆ ಗೌರವಕ್ಕೆ ತಿರುಗುವುದೇ ಈ ಪುಸ್ತಕದ ನಿಜವಾದ ಸೊಗಸು. ನಂತರ ‘ಲಾಸ್ಟ್ ಮ್ಯಾನ್ಸ್ ಲೇನ್’ನಲ್ಲಿ (1898) ಗ್ರೈಸ್ ತಾನಾಗಿಯೇ ಆಕೆಯ ಬಳಿ ಬಂದು, ಜನ ಕಾಣೆಯಾಗುತ್ತಿರುವ ಒಂದು ಹಳ್ಳಿಯ ಮನೆಗೆ ಅತಿಥಿಯಾಗಿ ಹೋಗುವಂತೆ ಮಾಡುತ್ತಾನೆ. ಆ ಮನೆಯವರು ಆಕೆಯ ಹಳೆಯ ಗೆಳತಿಯ ಮಕ್ಕಳು, ಹಾಗಾಗಿ ಅಲ್ಲಿ ಆಕೆಗೆ ಊಟಕ್ಕೆ ಕೂರುವ ಹಕ್ಕಿದೆ. ಗ್ರೈಸ್‌ಗೆ ಅದು ಎಂದೂ ದಕ್ಕದು. ಮುಂದೆ ಕ್ರಿಸ್ಟಿಯವರ ವೃದ್ಧ ಪತ್ತೇದಾರಿಣಿ ಮಿಸ್ ಮಾರ್ಪಲ್ ಬಂದಾಗ ಅವರ ಹೆಣಿಗೆಯ ಬುಟ್ಟಿಯ ಹಿಂದೆ ಈ ಮಹಿಳೆಯ ನೆರಳಿದೆ ಎಂದು ವಿಮರ್ಶಕರು ಗುರುತಿಸಿದ್ದಾರೆ. ಬಾಲ್ಯದಲ್ಲಿ ತಮ್ಮ ಅಕ್ಕ ‘ದ ಲೆವೆನ್‌ವರ್ತ್ ಕೇಸ್’ನ ಕಥೆ ಹೇಳಿದ್ದನ್ನು ಕ್ರಿಸ್ಟಿ ತಮ್ಮ ಆತ್ಮಕಥೆಯಲ್ಲಿ ನೆನೆಸಿಕೊಂಡಿದ್ದಾರೆ. ಪೊಯ್ರೋನ ಬಾಯಲ್ಲಿ ನೀವು ಓದಿದ ಮೆಚ್ಚುಗೆಯ ಬೇರು ಅಲ್ಲಿದೆ.

ಮೂರನೆಯ ಉತ್ತರ ವಯೊಲೆಟ್ ಸ್ಟ್ರೇಂಜ್. 1915ರ ‘ದ ಗೋಲ್ಡನ್ ಸ್ಲಿಪರ್’ ಸಂಕಲನದ ಒಂಬತ್ತು ಪ್ರಕರಣಗಳ ನಾಯಕಿ. ಔತಣ, ನೃತ್ಯಕೂಟಗಳಲ್ಲಿ ಓಲಾಡುವ ಸಿರಿವಂತರ ಮಗಳು. ತಂದೆಗೆ ತಿಳಿಯದಂತೆ ಖಾಸಗಿ ಪತ್ತೇದಾರಿ ಸಂಸ್ಥೆಯೊಂದಕ್ಕೆ ಸಂಭಾವನೆ ಪಡೆದು ಕೆಲಸ ಮಾಡುತ್ತಾಳೆ. ಮುತ್ತಿನ ಸರ ಕಳವಾದ ಮನೆಯಲ್ಲಿ ಆಕೆಯೂ ಒಬ್ಬ ಆಮಂತ್ರಿತೆ. ಅವಳಿಗೆ ಹಣವೇಕೆ ಬೇಕು ಎಂಬುದು ಕೊನೆಯ ಕಥೆಯ ತನಕ ಗುಟ್ಟು, ಅದನ್ನು ಬಿಡಿಸಿದಾಗ ಇಡೀ ಸಂಕಲನಕ್ಕೆ ಬೇರೆ ಬೆಳಕು ಬೀಳುತ್ತದೆ. ಬಟರ್‌ವರ್ತ್ ಮತ್ತು ವಯೊಲೆಟ್ ಇವರಿಬ್ಬರ ನಡುವಿನ ವರ್ಷಗಳಲ್ಲಿ ಕ್ಯಾಲೆಬ್ ಸ್ವೀಟ್‌ವಾಟರ್ ಎಂಬ ಕುರೂಪಿ ತರುಣನೊಬ್ಬ ಬರುತ್ತಾನೆ, ಗ್ರೈಸ್‌ನ ಶಿಷ್ಯನಾಗುತ್ತಾನೆ. ಒಳ್ಳೆಯ ಹುಡುಗ, ಆದರೆ ನನ್ನ ಮನಸ್ಸಿನಲ್ಲಿ ಉಳಿಯಲಿಲ್ಲ.

ಹೆಣ್ಣಿನ ಬುದ್ಧಿಗೆ ಇಷ್ಟು ಜಾಗ ಕೊಟ್ಟ ಗ್ರೀನ್ ಮಹಿಳೆಯರ ಮತದಾನದ ಹಕ್ಕಿಗೆ ವಿರೋಧಿಯಾಗಿದ್ದರು ಎಂಬುದನ್ನು ಮುಚ್ಚಿಡಲಾರೆ. ಅವರ ಪುಸ್ತಕಗಳು ಒಂದು ಹೇಳುತ್ತವೆ, ಅವರು ಇನ್ನೊಂದು ಹೇಳುತ್ತಿದ್ದರು. ನಾನು ಪುಸ್ತಕಗಳ ಮಾತನ್ನು ನಂಬುತ್ತೇನೆ.

ಅವರ ಮನೆಯ ಕಥೆಯೂ ಸ್ವಾರಸ್ಯದ್ದು. 1884ರಲ್ಲಿ, ತಮ್ಮ ಮೂವತ್ತೆಂಟನೆಯ ವಯಸ್ಸಿನಲ್ಲಿ, ತಮಗಿಂತ ಆರು ವರ್ಷ ಚಿಕ್ಕವರಾದ ಚಾರ್ಲ್ಸ್ ರೋಲ್ಫ್ಸ್ ಎಂಬ ನಟನನ್ನು ಮದುವೆಯಾದರು. ರೋಲ್ಫ್ಸ್ ಮುಂದೆ ಮರಗೆಲಸಕ್ಕೆ ಕೈಹಚ್ಚಿ ಅಮೆರಿಕದ ಹೆಸರಾಂತ ಪೀಠೋಪಕರಣ ವಿನ್ಯಾಸಕರಲ್ಲಿ ಒಬ್ಬರಾದರು. ಕೆತ್ತನೆಯ ಅವರ ಕುರ್ಚಿ ಮೇಜುಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ‘ದ ಲೆವೆನ್‌ವರ್ತ್ ಕೇಸ್’ ನಾಟಕವಾದಾಗ ಅದರಲ್ಲಿ ಅವರೂ ಪಾತ್ರ ವಹಿಸಿದರು. ದಂಪತಿ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ನೆಲೆಸಿದರು. ಮೂವರು ಮಕ್ಕಳಲ್ಲಿ ರೋಲಂಡ್ ವಿಮಾನ ಚಾಲಕರಾಗಿ 1919ರಲ್ಲಿ ಎತ್ತರದ ಹಾರಾಟದ ವಿಶ್ವದಾಖಲೆ ಸ್ಥಾಪಿಸಿದರು. ಗ್ರೀನ್ ಅವರ ಕೊನೆಯ ಕಾದಂಬರಿ ‘ದ ಸ್ಟೆಪ್ ಆನ್ ದ ಸ್ಟೇರ್’ 1923ರಲ್ಲಿ ಬಂತು. 1935ರ ಏಪ್ರಿಲ್ 11ರಂದು ಬಫಲೋದಲ್ಲಿ ತೀರಿಕೊಂಡರು. ಆ ಹೊತ್ತಿಗೆ ಅಮೆರಿಕದ ಅಪರಾಧ ಕಥೆ ದಿವಾನಖಾನೆಯಿಂದ ಹೊರಬಿದ್ದು ಬೀದಿಗೆ, ಬಂದೂಕಿಗೆ, ಚುಟುಕು ಮಾತಿಗೆ ಒಲಿದಿತ್ತು. ಹಳೆಯ ಲೇಖಕಿಯನ್ನು ಓದುಗರು ಬೇಗ ಮರೆತರು.

ಮರೆಯಲು ಅವರ ಬರಹದಲ್ಲೂ ಕಾರಣಗಳಿವೆ. ನಿಮ್ಮ ಎರಡನೆಯ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಇದೇ: ಎಲ್ಲವೂ ಓದಿಸಿಕೊಳ್ಳುವುದಿಲ್ಲ. ಮೂವತ್ತಕ್ಕೂ ಹೆಚ್ಚಿನ ಪುಸ್ತಕಗಳಲ್ಲಿ ಕನಿಷ್ಠ ಅರ್ಧವನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ನಾಯಕಿಯರು ಹಳೆಯ ಕಂಪನಿ ನಾಟಕದ ಹಾಗೆ ಕೈಯೆತ್ತಿ ನಿಂತು ಮಾತನಾಡುತ್ತಾರೆ. ಮೂರ್ಛೆ ಹೋಗುವುದಕ್ಕೆ ಲೆಕ್ಕವಿಲ್ಲ. ಕಾಕತಾಳೀಯಗಳು ಒಂದರ ಮೇಲೊಂದು ಬೀಳುತ್ತವೆ. ಎಲ್ಲಕ್ಕಿಂತ ದೊಡ್ಡ ತೊಡಕು ಕಥೆ ಕಟ್ಟುವ ಬಗೆಯದ್ದು. ಪತ್ತೆಯ ಕೆಲಸ ಮುಗಿಯುತ್ತ ಬಂದಂತೆ ಅಪರಾಧಕ್ಕೆ ಕಾರಣವಾದ ಹಳೆಯ ಪ್ರೇಮವೋ ಸೇಡೋ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ‘ದ ಸರ್ಕ್ಯುಲರ್ ಸ್ಟಡಿ’ (1900) ಅದ್ಭುತವಾಗಿ ಆರಂಭವಾಗುತ್ತದೆ. ದುಂಡು ಕೋಣೆ, ಬಣ್ಣ ಬದಲಿಸುವ ದೀಪ, ಮಾತನಾಡುವ ಹಕ್ಕಿ, ಮಾತು ಬಾರದ ಸೇವಕ. ಅರ್ಧ ದಾಟಿದ ಮೇಲೆ ಕಥೆ ಹಿಂದಕ್ಕೆ ಹೋಗಿ ಅಲ್ಲೇ ಕುಳಿತುಬಿಡುತ್ತದೆ. ಈ ಅಭ್ಯಾಸ ಅವರ ಕಾಲದ್ದು ಎನ್ನಬಹುದು. ಹೋಮ್ಸ್‌ನ ಮೊದಲ ಕಾದಂಬರಿ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ನ ನಡುವೆ ಡಾಯ್ಲ್ ಕೂಡ ಹಾಗೆಯೇ ಮಾಡಿದರು.

ಇನ್ನು ಓದುವ ಕ್ರಮ. ಒಂದು ಸಂಜೆಯಲ್ಲಿ ಮುಗಿಯುವ ‘ದ ಡಾಕ್ಟರ್, ಹಿಸ್ ವೈಫ್ ಅಂಡ್ ದ ಕ್ಲಾಕ್’ (1895) ಎಂಬ ನೀಳ್ಗತೆಯಿಂದ ಆರಂಭಿಸಿ. 1851ರ ನ್ಯೂಯಾರ್ಕ್‌ನಲ್ಲಿ ಒಬ್ಬ ಗೃಹಸ್ಥನ ಕೊಲೆಯಾಗಿದೆ. ನೆರೆಮನೆಯ ಕುರುಡು ವೈದ್ಯನೊಬ್ಬ ಬಂದು ಕೊಂದವನು ನಾನೇ ಎನ್ನುತ್ತಾನೆ. ಯಾರೂ ನಂಬುವುದಿಲ್ಲ, ಅವನ ಹೆಂಡತಿಯಂತೂ ನಂಬಲೇ ಒಲ್ಲಳು. ಕುರುಡನ ಗುರಿಯನ್ನು ಪರೀಕ್ಷಿಸಲು ಗಡಿಯಾರದ ಸದ್ದನ್ನು ಬಳಸುವ ಆ ಪುಟಗಳಲ್ಲಿ ಗ್ರೀನ್ ಅವರ ಶಕ್ತಿಯೆಲ್ಲ ಇದೆ. ಈ ಕಥೆಯನ್ನು ಮುಂದೆ ಅವರೇ ವಯೊಲೆಟ್ ಸ್ಟ್ರೇಂಜ್ ಸಂಕಲನಕ್ಕಾಗಿ ತಿದ್ದಿ ಸೇರಿಸಿಕೊಂಡರು. ನನಗೆ ಮೊದಲ ರೂಪವೇ ಮೇಲು.

ಆಮೇಲೆ ‘ದಟ್ ಅಫೇರ್ ನೆಕ್ಸ್ಟ್ ಡೋರ್’. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಅಪರಾಧ ಸಾಹಿತ್ಯ ಮಾಲೆಯಲ್ಲಿ 2020ರಲ್ಲಿ ಇದನ್ನು ಮರುಮುದ್ರಿಸಿತು. ಮೂರನೆಯದಾಗಿ ‘ದ ಲೆವೆನ್‌ವರ್ತ್ ಕೇಸ್’, ಅದು ಪೆಂಗ್ವಿನ್ ಕ್ಲಾಸಿಕ್ಸ್‌ನಲ್ಲೂ ಇದೆ. ಕೊಳ್ಳಲೇಬೇಕೆಂದಿಲ್ಲ, ಗ್ರೀನ್ ಅವರ ಮುಖ್ಯ ಕೃತಿಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಅಂತರ್ಜಾಲ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಆದ್ದರಿಂದ ವಾಕ್ಯಗಳು ಉದ್ದ, ಮೊದಲ ಇಪ್ಪತ್ತು ಪುಟ ತಾಳ್ಮೆ ಬೇಕು. ಇವು ಹಿಡಿಸಿದರೆ ‘ಹ್ಯಾಂಡ್ ಅಂಡ್ ರಿಂಗ್’ (1883) ಓದಿ. ಸಣ್ಣ ಪಟ್ಟಣದ ನ್ಯಾಯಾಲಯದ ಮುಂದೆ ವಕೀಲರು ನಿಂತು ಸಿಕ್ಕಿಬೀಳದ ಹಾಗೆ ಅಪರಾಧ ಮಾಡುವುದು ಹೇಗೆಂದು ಹರಟುತ್ತಿರುವಾಗಲೇ ಹತ್ತಿರದ ಮನೆಯಲ್ಲಿ ಒಬ್ಬ ವಿಧವೆಯ ಮೇಲೆ ಮಾರಣಾಂತಿಕ ಹಲ್ಲೆಯಾಗುತ್ತದೆ. ಗ್ರೀನ್ ಅವರ ನ್ಯಾಯಾಲಯದ ದೃಶ್ಯಗಳಲ್ಲಿ ಇದರದ್ದೇ ಶ್ರೇಷ್ಠ.

ಒಂದು ಕೋರಿಕೆ. ‘ದ ಲೆವೆನ್‌ವರ್ತ್ ಕೇಸ್’ ಓದುವಾಗ ಒಂದು ಕಡೆ ರೇಮಂಡ್ ಮತ್ತು ಗ್ರೈಸ್ ಮಹಡಿಯ ಮುಚ್ಚಿದ ಬಾಗಿಲೊಂದರ ಹತ್ತಿರ ಬರುತ್ತಾರೆ. ಒಳಗೆ ಇಬ್ಬರು ಹುಡುಗಿಯರು. ಒಬ್ಬಳು ಇನ್ನೊಬ್ಬಳ ಮೇಲೆ ಭಯಂಕರವಾದ ಆರೋಪ ಹೊರಿಸುವ ಮಾತು ಹೊರಗೆ ಕೇಳುತ್ತದೆ. ದನಿ ಮಾತ್ರ ಕೇಳುತ್ತದೆ, ಮುಖ ಕಾಣುವುದಿಲ್ಲ. ಅಲ್ಲಿ ಪುಸ್ತಕವನ್ನು ಒಂದು ನಿಮಿಷ ಕೆಳಗಿಟ್ಟು, ಆ ಮಾತು ಆಡಿದವಳು ಯಾರೆಂದು ನಿಮಗನ್ನಿಸುತ್ತದೆಯೋ ಅವಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಆಮೇಲೆ ಮುಂದುವರಿಯಿರಿ.